ಬೆಲ್ಲವೂ ಸಕ್ಕರೆಯೇ
'ಸಕ್ಕರೆ ಬಿಟ್ಟು ಬೆಲ್ಲ ಹಿಡಿಯಿರಿ, ಮಧುಮೇಹದ ಭಯವಿಲ್ಲ' ಎಂಬ ಲೇಖನವನ್ನು ಪತ್ರಿಕೆಯಲ್ಲಿ ಓದಿ ಸಿಟ್ಟು ಬಂತು. ಮಂಡ್ಯದ ಆಲೆಮನೆಯ ಬೆಲ್ಲದ ರುಚಿಗೆ ನನ್ನ ತಕರಾರಿಲ್ಲ. ಆದರೆ ಅದರ ಬಹುಪಾಲು ಸುಕ್ರೋಸೇ. ಕರುಳಿನಲ್ಲಿ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಥೇಟ್ ಬಿಳಿ ಸಕ್ಕರೆಯಂತೆ. ಕಬ್ಬಿಣಾಂಶಕ್ಕಾಗಿ ಬೆಲ್ಲ ಬೇಕೇ? ಸೊಪ್ಪು, ಕಾಳು ತಿನ್ನಿ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ: ಬೆರೆಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಿಹಿ ಎಲ್ಲ ಸೇರಿ ದಿನದ ಶಕ್ತಿಯ ಶೇ. 10 ಮೀರಬಾರದು, ಶೇ. 5ಕ್ಕೆ, ಅಂದರೆ ಸುಮಾರು 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು. ಸಿಹಿಯ ಪ್ರಮಾಣ ತಗ್ಗಿದರೆ ತೂಕವೂ ಹಲ್ಲಿನ ಹುಳುಕೂ ತಗ್ಗುತ್ತವೆ, ಬಣ್ಣ ಬದಲಾದರೆ ಅಲ್ಲ. ಮಧುಮೇಹವಿರುವ ಹಿರಿಯರು ಲೇಖನದ ಮಾತು ನಂಬಿ ಕಾಫಿಗೆ ಧಾರಾಳವಾಗಿ ಬೆಲ್ಲ ಹಾಕಿಕೊಂಡರೆ ಹೊಣೆ ಯಾರದು? ಪತ್ರಿಕೆ ತಿದ್ದುಪಡಿ ಪ್ರಕಟಿಸಲಿ.