ದಾರಿಗೆ ಅಡ್ಡ ಕೂತ ಹೈಡಾ ಹಿರಿಯರು

ಕೆನಡಾದ ಪಶ್ಚಿಮ ಕರಾವಳಿಯಾಚೆಯ ಹೈಡಾ ಗ್ವಾಯ್ ದ್ವೀಪಗಳು ಹೈಡಾ ಜನರ ನೆಲ. ಅಲ್ಲಿನ ಭಾರೀ ಸೀಡರ್ ಮರಗಳಿಂದಲೇ ಅವರು ದೋಣಿ ಕೊರೆದರು, ಮನೆ ಕಟ್ಟಿದರು, ಕುಲದ ಕಥೆ ಹೇಳುವ ಕಂಬಗಳನ್ನು ಕೆತ್ತಿದರು. 1985ರಲ್ಲಿ ಆ ದ್ವೀಪಗಳಲ್ಲೊಂದಾದ ಲಯೆಲ್‌ನ ಕಾಡು ಕಡಿಯಲು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ಕಾರ ಒಪ್ಪಿಗೆ ಕೊಟ್ಟಾಗ, ಮರ ಸಾಗಿಸುವ ರಸ್ತೆಗೆ ಹೈಡಾ ಜನ ಅಡ್ಡ ನಿಂತರು.

ಯುವಕರು ಮೊದಲು ಜೈಲಿಗೆ ಹೋಗುವುದನ್ನು ಹಿರಿಯರು ಒಪ್ಪಲಿಲ್ಲ. ಕುಲಚಿಹ್ನೆಯ ಕೆಂಪು-ಕಪ್ಪು ಕಂಬಳಿ ಹೊದ್ದು ತಾವೇ ದಾರಿಯಲ್ಲಿ ಕೂತರು. ಬಂಧಿಸಲು ಬಂದ ಪೊಲೀಸರಲ್ಲಿ ಹೈಡಾ ಸಮುದಾಯದವನೊಬ್ಬನೂ ಇದ್ದ. ತನ್ನವರೇ ಆದ ಅಜ್ಜಿಯನ್ನು ಕರೆದೊಯ್ಯುವಾಗ ಅವನ ಕಣ್ಣು ತುಂಬಿತ್ತು. ಒಟ್ಟು 72 ಮಂದಿ ಬಂಧನಕ್ಕೊಳಗಾದರು. ಯಾರೂ ಕೈ ಎತ್ತಲಿಲ್ಲ. ಆ ದೃಶ್ಯಗಳನ್ನು ಟಿವಿಯಲ್ಲಿ ಕಂಡ ಕೆನಡಾ ತಳಮಳಗೊಂಡಿತು. 1987ರಲ್ಲಿ ಮರ ಕಡಿತ ನಿಂತಿತು.

ಅದಕ್ಕಿಂತ ದೊಡ್ಡ ಗೆಲುವು ಬಂದದ್ದು 1993ರಲ್ಲಿ. ನೆಲ ತಮ್ಮದೆಂದು ಹೈಡಾ ಜನ, ತನ್ನದೆಂದು ಕೆನಡಾ ಸರ್ಕಾರ. ಇಬ್ಬರೂ ತಮ್ಮ ತಮ್ಮ ವಾದವನ್ನು ಒಂದೇ ಒಪ್ಪಂದದಲ್ಲಿ ಬರೆದಿಟ್ಟು, ಲಯೆಲ್ ದ್ವೀಪವೂ ಸೇರಿದ ಗ್ವಾಯ್ ಹಾನಸ್ ಪ್ರದೇಶವನ್ನು ಸಮಸಂಖ್ಯೆಯ ಪ್ರತಿನಿಧಿಗಳ ಮಂಡಳಿಯಿಂದ ಒಟ್ಟಾಗಿ ನೋಡಿಕೊಳ್ಳಲು ನಿರ್ಧರಿಸಿದರು. ಒಡೆತನದ ತಕರಾರು ಮುಗಿಯಲಿ, ಆಮೇಲೆ ಕಾಡಿನ ಮಾತು ಎಂದು ಯಾರೂ ಕಾಲ ತಳ್ಳಲಿಲ್ಲ. 2013ರಲ್ಲಿ ಅಲ್ಲಿ ನಿಲ್ಲಿಸಿದ ಸ್ಮಾರಕ ಕಂಬದಲ್ಲಿ ತೋಳಿಗೆ ತೋಳು ಸೇರಿಸಿ ನಿಂತ ಐವರ ಕೆತ್ತನೆಯಿದೆ. 2024ರಲ್ಲಿ ಬ್ರಿಟಿಷ್ ಕೊಲಂಬಿಯಾ ಸರ್ಕಾರವೇ ದ್ವೀಪಗಳ ಮೇಲೆ ಹೈಡಾ ಜನರ ಒಡೆತನವನ್ನು ಮಾನ್ಯಮಾಡಿತು.

ಲಯೆಲ್ ದ್ವೀಪದ ಪ್ರತಿಭಟನೆಗೆ ಎರಡು ವರ್ಷ ಮೊದಲೇ, 1983ರಲ್ಲಿ, ಶಿರಸಿ ಸೀಮೆಯ ಸಾಲ್ಕಣಿಯವರು ಮರಗಳನ್ನು ಅಪ್ಪಿಕೊಂಡು ಕೊಡಲಿ ತಡೆದಿದ್ದರು. ಪ್ರತಿಭಟನೆಯ ಪಾಠ ನಮಗೆ ಹೊಸದಲ್ಲ. ನಾವು ಹಿಂದೆ ಬಿದ್ದಿರುವುದು ತಡೆದ ಮೇಲಿನ ಕೆಲಸದಲ್ಲಿ, ಕಾಡಿನ ಜನಕ್ಕೆ ತೀರ್ಮಾನದ ಅಧಿಕಾರ ಕೊಡುವುದರಲ್ಲಿ.

ಕಾನೂನಿಲ್ಲ ಎನ್ನುವಂತೆಯೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ಅದರಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಮೀಸಲಿನೊಳಗೇ ಸಮುದಾಯ ಹಕ್ಕುಪತ್ರ ಪಡೆದರು. ಉಳಿದ ಹಾಡಿಗಳ ಅರ್ಜಿಗಳನ್ನೂ ಸರ್ಕಾರ ಕಡತದಿಂದ ಹೊರತೆಗೆದು, ಗ್ರಾಮಸಭೆಯ ಎದುರಿಗೇ ಇತ್ಯರ್ಥ ಮಾಡಲಿ. ಕಾಡಿನ ಯೋಜನೆ ಬರೆಯುವ ಮೇಜಿನ ಸುತ್ತ ಹಾಡಿಯ ಜನರಿಗೂ ಅಧಿಕಾರಿಗಳಷ್ಟೇ ಕುರ್ಚಿ ಹಾಕಿಸಲಿ.