ರಿಲೇ ಇರಲಿ, ಆ ಸ್ವಿಚ್ ಮಾತ್ರ ಬೇಡ

ಕಳೆದ ಭಾನುವಾರ ನಮ್ಮ ಸೊಸೈಟಿಯ ಕನ್ನಡದ ಹುಡುಗನೊಬ್ಬ ತಾನು ಕೊಂಡ ಸೆಕೆಂಡ್ ಹ್ಯಾಂಡ್ ಕಾರು ತೋರಿಸಲು ನನ್ನನ್ನು ಕೆಳಗೆ ಕರೆದ. "ಅಂಕಲ್, ಹಿಂದೆ ಎರಡು ಎಕ್ಸ್‌ಟ್ರಾ ರಿವರ್ಸ್ ಲೈಟ್ ಹಾಕಿಸಿದ್ದೇನೆ. ಸ್ಟಿಯರಿಂಗ್ ಪಕ್ಕ ಸ್ವಿಚ್ಚೂ ಇದೆ. ಹಿಂದಿನಿಂದ ಯಾರಾದರೂ ಹೈ ಬೀಮ್ ಹೊಡೆದರೆ ಒಂದು ಸಲ ಒತ್ತಿದರೆ ಸಾಕು, ಬುದ್ಧಿ ಬರುತ್ತೆ!" ಅಂದ. ಅಕ್ಕಪಕ್ಕ ನಿಂತವರೆಲ್ಲ ಭೇಷ್ ಅಂದರು. ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ಅದೇ ಸ್ವಿಚ್ ಹಿಂದೊಮ್ಮೆ ನನ್ನ ಕಾರಿನಲ್ಲೂ ಇತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನು ಎಕ್ಸ್‌ಟ್ರಾ ಲೈಟಿನ ವಿರೋಧಿಯಲ್ಲ. ಡೊಂಬಿವಲಿಯ ಹಳೇ ಬಿಲ್ಡಿಂಗುಗಳ ಕೆಳಗೆ, ಎರಡು ಕಂಬಗಳ ನಡುವೆ ಕಾರು ಹಿಂದಕ್ಕೆ ತೆಗೆದವರಿಗೆ ಗೊತ್ತು ಆ ಕಷ್ಟ. ಲೋಡ್ ಶೆಡ್ಡಿಂಗ್ ಕಾಲದಲ್ಲಂತೂ ಕೇಳುವುದೇ ಬೇಡ. ಕಂಪನಿಯವರು ಕೊಡುವ ರಿವರ್ಸ್ ಬಲ್ಬು ಸಾಮಾನ್ಯವಾಗಿ 21 ವ್ಯಾಟಿನದು. ಎಷ್ಟೋ ಸಣ್ಣ ಕಾರುಗಳಲ್ಲಿ ಅದೂ ಒಂದೇ. ಮಳೆಗಾಲದಲ್ಲಿ ಆ ಬೆಳಕಿನಲ್ಲಿ ಬೆಕ್ಕೂ ಕಾಣದು, ಮಗುವೂ ಕಾಣದು. ಹೆಚ್ಚು ಬೆಳಕು ಬೇಕು, ಒಪ್ಪಿದೆ.

ರಿಲೇಯೂ ಬೇಕು. ನಾನು ಓದಿದ್ದು ಬಿಕಾಂ, ಆದರೂ ಇಷ್ಟು ಲೆಕ್ಕ ನನಗೂ ಬರುತ್ತದೆ. 55 ವ್ಯಾಟಿನ ಎರಡು ಹ್ಯಾಲೊಜೆನ್ ಅಂದರೆ 110 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ 9 ಆಂಪಿಯರಿಗೂ ಮೇಲೆ. ಕಂಪನಿಯ ರಿವರ್ಸ್ ವೈರು ಒಂದೆರಡು ಸಣ್ಣ ಬಲ್ಬಿಗೆಂದು ಎಳೆದದ್ದು. ಅದಕ್ಕೇ ನೇರವಾಗಿ ಜೋಡಿಸಿದರೆ ಫ್ಯೂಸ್ ಹೋಗುತ್ತದೆ. ಫ್ಯೂಸ್ ಹೋಯಿತೆಂದು ದೊಡ್ಡ ಫ್ಯೂಸ್ ಹಾಕಿದರೆ ವೈರೇ ಸುಡುತ್ತದೆ. ರಿಲೇ ಹಾಕಿದರೆ ರಿವರ್ಸ್ ವೈರು ಅದರ ಕಾಯಿಲನ್ನು ಎಬ್ಬಿಸಿದರೆ ಸಾಕು, ಅದಕ್ಕೆ ಕಾಲು ಆಂಪಿಯರೂ ಬೇಡ. ಲೈಟಿಗೆ ಬೇಕಾದ ಕರೆಂಟು ಬ್ಯಾಟರಿಯಿಂದ, ಬೇರೆ ದಪ್ಪ ವೈರಿನಲ್ಲಿ, ಬೇರೆ ಫ್ಯೂಸ್ ದಾಟಿ ಬರುತ್ತದೆ. ಇಲ್ಲಿಯವರೆಗೆ ಎಲ್ಲ ಸರಿ.

ತಪ್ಪುವುದು ಇದರ ನಂತರ. ವೈರಿಂಗ್ ಮುಗಿಸಿದ ಮಿಸ್ತ್ರಿ ತಲೆ ಎತ್ತಿ, "ಸಾಬ್, ಸ್ವಿಚ್ ಭೀ ಡಾಲ್ ದೂಂ ಕ್ಯಾ?" ಅಂತ ಕೇಳುತ್ತಾನೆ. ನಾವು ಹೂಂ ಅನ್ನುತ್ತೇವೆ. ನಾನೂ ಅಂದೆ.

ಆಮೇಲೊಂದು ಮಳೆಗಾಲದ ರಾತ್ರಿ. ವಾಶಿಯಲ್ಲಿ ನೆಂಟರ ಮದುವೆ ರಿಸೆಪ್ಶನ್ ಮುಗಿಸಿ ಮಹಾಪೆ, ಶೀಲ್ ಫಾಟಾ ದಾಟಿ ಮನೆಗೆ ಬರುತ್ತಿದ್ದೆವು. ಹಿಂದೊಂದು ದೊಡ್ಡ ಗಾಡಿ, ಹೈ ಬೀಮ್ ಹಾಕಿ ಒಂದೇ ಸಮನೆ ಹಾರ್ನ್. ಕಟಾಯಿ ನಾಕಾ ಹತ್ತಿರ ಬರುವಷ್ಟರಲ್ಲಿ ನನ್ನ ತಾಳ್ಮೆ ಕೆಟ್ಟಿತು. "ಬೇಡ ರೀ" ಅಂದಳು ನನ್ನವಳು. ಒತ್ತಿಯೇಬಿಟ್ಟೆ.

ಆ ದೊಡ್ಡ ಗಾಡಿ ಅಷ್ಟರಲ್ಲಿ ಪಕ್ಕಕ್ಕೆ ಸರಿದಿತ್ತು. ನನ್ನ ಹಿಂದೆ ಇದ್ದದ್ದು ಸ್ಕೂಟರಿನಲ್ಲಿ ಬರುತ್ತಿದ್ದ ಗಂಡ ಹೆಂಡತಿ. ಆತ ಗಾಬರಿಯಿಂದ ಹ್ಯಾಂಡಲ್ ತಿರುಗಿಸಿದ, ಚಕ್ರ ಹೊಂಡಕ್ಕೆ ಬಿತ್ತು. ದೇವರ ದಯೆ, ಹಿಂದೆ ಲಾರಿ ಇರಲಿಲ್ಲ. ಆಕೆಯ ಮೊಣಕೈ ಕೆತ್ತಿಹೋಗಿತ್ತು. ನಾನು ಇಳಿದು ಓಡಿದೆ. ಆತ ಬೈಯಲಿಲ್ಲ. "ಅಂಕಲ್, ಆಪ್ ರಿವರ್ಸ್ ಆ ರಹೇ ಥೇ ಕ್ಯಾ?" ಅಂತ ಮಾತ್ರ ಕೇಳಿದ.

ಬೈದಿದ್ದರೆ ಮರೆಯುತ್ತಿದ್ದೆನೇನೋ. ಆ ಪ್ರಶ್ನೆ ಇವತ್ತಿಗೂ ಮರೆತಿಲ್ಲ. ಕಾರಿನ ಹಿಂದಿನ ಬಿಳಿ ದೀಪಕ್ಕೆ ರಸ್ತೆಯಲ್ಲಿ ಒಂದೇ ಅರ್ಥ: ನಾನು ಹಿಂದಕ್ಕೆ ಬರುತ್ತಿದ್ದೇನೆ, ಜಾಗ ಬಿಡಿ. ಮುಂದಕ್ಕೆ ಹೋಗುತ್ತಾ ಅದನ್ನು ಹೊತ್ತಿಸಿದ ನಾನು ಹಿಂದಿನವನಿಗೆ ಸುಳ್ಳು ಹೇಳಿದ್ದೆ. ಆತ ಅದನ್ನು ನಂಬಿ ಬಿದ್ದ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಇದನ್ನೇ ಹೇಳುತ್ತವೆ. 108ನೇ ನಿಯಮದ ತಿರುಳು ಇಷ್ಟು: ಗಾಡಿಯ ಹಿಂದೆ ಕೆಂಪು ಬಿಟ್ಟು ಬೇರೆ ಬೆಳಕು ತೋರಿಸಬಾರದು. ಇಂಡಿಕೇಟರ್, ನಂಬರ್ ಪ್ಲೇಟಿನ ದೀಪ, ರಿವರ್ಸ್ ಹೋಗುವಾಗಿನ ಬಿಳಿ ದೀಪ ಇಂಥವಕ್ಕೆ ವಿನಾಯಿತಿ. ಗಮನಿಸಿ, ವಿನಾಯಿತಿ ಇರುವುದು ರಿವರ್ಸ್ ಹೋಗುವಾಗ ಮಾತ್ರ. ವಾಹನದ ದೀಪಗಳ ಬಗ್ಗೆ ಇರುವ ವಿಶ್ವಸಂಸ್ಥೆಯ 48ನೇ ನಿಯಮವೂ ರಿವರ್ಸ್ ಗೇರ್ ಬಿದ್ದಾಗ ಮಾತ್ರ ಈ ದೀಪ ಹತ್ತುವಂತಿರಬೇಕು ಎನ್ನುತ್ತದೆ.

ಈಗ ವಾದಗಳು ಬರುತ್ತವೆ. "ರಾತ್ರಿ ಟಯರ್ ಪಂಕ್ಚರ್ ಆದರೆ ಬೆಳಕು ಬೇಡವೇ?" ಟಾರ್ಚ್ ಇಟ್ಟುಕೊಳ್ಳಿ ಸ್ವಾಮಿ, ಈಗ ಎಲ್ಲರ ಮೊಬೈಲಿನಲ್ಲೂ ಇದೆ. "ಹಿಂದಿನವನ ಹೈ ಬೀಮಿಗೆ ಏನು ಮಾಡೋಣ?" ಒಳಗಿನ ಕನ್ನಡಿಯ ಕೆಳಗೆ ಸಣ್ಣ ಕಡ್ಡಿಯೊಂದು ಇರುತ್ತದಲ್ಲ, ಅದನ್ನು ಹಿಂದೆ ಮುಂದೆ ಮಾಡಿ ನೋಡಿ, ಕಣ್ಣಿಗೆ ಹೊಡೆಯುವ ಬೆಳಕು ಮಂಕಾಗುತ್ತದೆ. ಎಷ್ಟೋ ಜನರಿಗೆ ಅದು ಯಾಕಿದೆ ಅಂತಲೇ ಗೊತ್ತಿಲ್ಲ! ಇಲ್ಲವೇ ಎಡಕ್ಕೆ ಸರಿದು ದಾರಿ ಕೊಡಿ, ಕಿರೀಟವೇನೂ ಬೀಳುವುದಿಲ್ಲ. "ಘೋಡ್‌ಬಂದರ್ ರೋಡಿನಲ್ಲಿ ಎಲ್ಲರೂ ಹಾಕಿಕೊಂಡು ಓಡಾಡ್ತಾರೆ" ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ. ಸಾಲ ಕಟ್ಟದವರೂ ನನ್ನ ಮೇಜಿನೆದುರು ಕೂತು ಇದೇ ಮಾತು ಹೇಳುತ್ತಾರೆ.

ಸ್ವಿಚ್ ಬೇಕೇ ಬೇಕು ಎನ್ನುವವರಿಗೆ ಒಂದು ದಾರಿ ಇದೆ. ರಿವರ್ಸ್ ವೈರಿಗೂ ರಿಲೇ ಕಾಯಿಲಿಗೂ ಮಧ್ಯೆ ಸಾಲಿನಲ್ಲಿ ಅದನ್ನು ಹಾಕಿಸಿ. ಆಗ ಗೇರೂ ಬೀಳಬೇಕು, ಸ್ವಿಚ್ಚೂ ಆನ್ ಇರಬೇಕು, ಎರಡೂ ಕೂಡಿದರೆ ಮಾತ್ರ ಲೈಟು. ಬೇಡವಾದಾಗ ಆರಿಸಬಹುದು, ಗೇರ್ ಇಲ್ಲದೆ ಹೊತ್ತಿಸಲಾಗದು. ನಮ್ಮ ಬ್ಯಾಂಕಿನ ಸ್ಟ್ರಾಂಗ್ ರೂಮಿನ ಹಾಗೆ, ಇಬ್ಬರ ಬೀಗದ ಕೈ ಸೇರಿದರೇ ಬಾಗಿಲು. ಮಿಸ್ತ್ರಿಗಳು ಸಾಮಾನ್ಯವಾಗಿ ಮಾಡುವುದು ಇದರ ತದ್ವಿರುದ್ಧ: ಬ್ಯಾಟರಿಯಿಂದ ನೇರ ಸ್ವಿಚ್ಚಿಗೆ ಕರೆಂಟು ಕೊಡುತ್ತಾರೆ. ವೋಚರ್ ಬರೆದವನೇ ಪಾಸ್ ಮಾಡಿದ ಹಾಗೆ! ಅದನ್ನು ರಿವರ್ಸ್ ವೈರಿಗೇ ಕೂಡಿಸಿದರಂತೂ ಮುಂದಕ್ಕೆ ಓಡುವಾಗಲೂ ಪಾರ್ಕಿಂಗ್ ಸೆನ್ಸರ್ ಕಿರುಚಲು ಶುರುಮಾಡುತ್ತದೆ. ಇನ್ನೊಂದು ಮಾತು, ಲೈಟಿನ ಮುಖ ನೆಲಕ್ಕಿರಲಿ, ಹಿಂದಿನವರ ಕಣ್ಣಿಗಲ್ಲ.

ನಾನು ಮರುವಾರವೇ ಸ್ವಿಚ್ ಕೀಳಿಸಿದೆ. ಆ ಕಾರು ಮಾರುವವರೆಗೂ ಡ್ಯಾಶ್‌ಬೋರ್ಡಿನಲ್ಲಿ ಒಂದು ತೂತು ಉಳಿದಿತ್ತು. ಕೊಳ್ಳಲು ಬಂದವನು ಅದೇನೆಂದು ಕೇಳಿದಾಗ ನಿಜ ಹೇಳಲು ನಾಚಿಕೆಯಾಯಿತು. ಅಂದು ನುಂಗಿದ ಮಾತನ್ನು ಇಂದು ಇಲ್ಲಿ ಬರೆದಿದ್ದೇನೆ.

ನಮ್ಮ ಹುಡುಗನಿಗೂ ಇದನ್ನೆಲ್ಲ ಹೇಳಿದೆ. "ನೋಡೋಣ ಅಂಕಲ್" ಅಂದಿದ್ದಾನೆ. ನಿಮ್ಮ ಕಾರಿನಲ್ಲೂ ಅಂಥದ್ದೊಂದು ಸ್ವಿಚ್ ಇದೆಯೇ? ಇದ್ದರೆ ಈ ಮಳೆಗಾಲದೊಳಗೆ ತೆಗೆಸಿಬಿಡಿ ಮಾರಾಯ್ರೆ. ಹಿಂದೆ ಬರುವವರು ಯಾರು ಅಂತ ನಿಮಗೆ ಕಾಣುವುದಿಲ್ಲ.