ಮಾವುತ, ಆನೆ ಮತ್ತು ಒಂದು ಭಾಗಾಕಾರ

ಈಚಿನ ವರ್ಷಗಳಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಆರ್ಡುಯಿನೊ ಚಿರಪರಿಚಿತವಾಗಿದೆ. 2005ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗೆಂದೇ ಹುಟ್ಟಿದ ಈ ಪುಟ್ಟ ಫಲಕ ನಮ್ಮ ಮಕ್ಕಳ ಕೈಗೂ ಬಂದಿರುವುದು ಸಂತೋಷದ ಸಂಗತಿಯೇ. ಆದರೆ ಅದರಿಂದ ದೊಡ್ಡ ಡಿ.ಸಿ. ಮೋಟಾರುಗಳನ್ನು ನಡೆಸಲು ಕಲಿಸುವ ಕ್ರಮದ ಬಗ್ಗೆ ನನ್ನದೊಂದು ತಕರಾರಿದೆ. ಮೊದಲು ಪ್ರೋಗ್ರಾಮನ್ನು ಕಲಿಸುತ್ತೇವೆ. ಓಮನ ನಿಯಮವನ್ನು ಪರೀಕ್ಷೆಗೆಂದು ಎತ್ತಿಡುತ್ತೇವೆ.

ಆರ್ಡುಯಿನೊ ಊನೊದ ಒಂದು ಪಿನ್ನು ಕ್ಷೇಮವಾಗಿ ಕೊಡಬಲ್ಲದ್ದು ಸುಮಾರು 20 ಮಿಲಿಆಂಪಿಯರ್. 40 ದಾಟಿದರೆ ಅಪಾಯ. ಒಂದು ಎಲ್‌ಇಡಿ ಬೆಳಗಲು ಇಷ್ಟು ಸಾಕು. ಮೋಟಾರು ಕೇಳುವುದೋ ಆಂಪಿಯರುಗಳ ಲೆಕ್ಕದಲ್ಲಿ. ಆದ್ದರಿಂದಲೇ ನಡುವೆ ಡ್ರೈವರ್ ಬೇಕು. ಮಾವುತನು ಆನೆಗೆ ಸನ್ನೆ ಮಾಡುತ್ತಾನೆಯೇ ಹೊರತು ದಿಮ್ಮಿಯನ್ನು ತಾನೇ ಎಳೆಯುವುದಿಲ್ಲವಷ್ಟೆ.

ಇಷ್ಟನ್ನು ಎಲ್ಲರೂ ಹೇಳಿಕೊಡುತ್ತಾರೆ. ಎಂಥ ಆನೆ ಬೇಕೆಂಬುದನ್ನು ಮಾತ್ರ ಬಿಡುತ್ತಾರೆ. 12 ವೋಲ್ಟಿನ ಮೋಟಾರೊಂದರ ಸುರುಳಿಯ ರೋಧ ಅರ್ಧ ಓಮ್ ಎಂದಿಟ್ಟುಕೊಳ್ಳಿ. ಹೊರಡುವ ಕ್ಷಣದಲ್ಲಿ ಅದು ಎಳೆಯಬಯಸುವ ಪ್ರವಾಹ 12 ಭಾಗಿಸು ಅರ್ಧ, ಅಂದರೆ 24 ಆಂಪಿಯರ್. ತಿರುಗತೊಡಗಿದಂತೆ ಸುರುಳಿಯಲ್ಲೇ ಎದುರು ವೋಲ್ಟೇಜು ಹುಟ್ಟಿ ಪ್ರವಾಹ ಮೂರು ನಾಲ್ಕು ಆಂಪಿಯರಿಗೆ ಇಳಿಯಬಹುದು. ಚಕ್ರಕ್ಕೆ ಕಲ್ಲು ಸಿಕ್ಕಿ ನಿಂತರೆ ಮತ್ತೆ 24! ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಎಲ್298 ಡ್ರೈವರಿನ ಮಿತಿ ಪ್ರತಿ ಮೋಟಾರಿಗೆ 2 ಆಂಪಿಯರ್. ಅದು ಸುಡದೆ ಇನ್ನೇನಾದೀತು?

‘ಮಗು ಮೊದಲು ಮಾಡಿ ಗೆಲ್ಲಲಿ, ಸಿದ್ಧಾಂತ ಆಮೇಲೆ’ ಎಂಬ ವಾದವೂ ಉಂಟು. ಎಲ್‌ಇಡಿಯ ಮಟ್ಟಿಗೆ ನಾನೂ ಒಪ್ಪುತ್ತೇನೆ. ಆದರೆ ಸ್ಕೂಟರಿನ ಬ್ಯಾಟರಿಯೂ ದೊಡ್ಡ ಮೋಟಾರೂ ಮೇಜಿನ ಮೇಲೆ ಬಂದಾಗ ಆ ವಾದ ನಿಲ್ಲದು. ತಂತಿಯ ಹೊದಿಕೆ ಕರಗಿದರೆ ಸುಡುವುದು ಮಗುವಿನ ಬೆರಳು. ಫಲಕ ಮಾತ್ರ ಸುಟ್ಟರೂ ನಷ್ಟ ಸಣ್ಣದಲ್ಲ: ಏಕೆ ಸುಟ್ಟಿತೆಂದು ತಿಳಿಯದೆ ಇನ್ನೊಂದನ್ನು ಕೊಂಡು ತರುವ ಮಗು ಕಲಿಯುವುದು ವಿಜ್ಞಾನವನ್ನಲ್ಲ, ಖರೀದಿಯನ್ನು.

ಪ್ರಿಯ ಶಿಷ್ಯರೇ, ನಿಮ್ಮಲ್ಲಿ ಕೆಲವರು ಈಗ ಎಂಜಿನಿಯರುಗಳು, ಕೆಲವರು ಉಪಾಧ್ಯಾಯರು. ಮಕ್ಕಳಿಗೆ ಮೋಟಾರು ಕೊಡಿಸುವ ಮುನ್ನ ಅದನ್ನು ತಡೆದು ನಿಲ್ಲಿಸಿದಾಗ ಹರಿಯುವ ಪ್ರವಾಹವೆಷ್ಟೆಂದು ಅವರಿಂದಲೇ ಕಾಗದದ ಮೇಲೆ ಲೆಕ್ಕ ಮಾಡಿಸಿ. ಅದನ್ನು ತಾಳುವ ಡ್ರೈವರ್, ತಕ್ಕ ದಪ್ಪದ ತಂತಿ, ಬ್ಯಾಟರಿಯ ಪಕ್ಕದಲ್ಲೊಂದು ಫ್ಯೂಸು, ಇವಿಷ್ಟೂ ಆದ ಮೇಲೆ ಪ್ರೋಗ್ರಾಮು ಬರೆಯಲಿ. ಮೋಟಾರು ತಿರುಗಿದಾಗ ಅದೇಕೆ ತಿರುಗಿತೆಂಬುದೂ ಅವರಿಗೆ ಗೊತ್ತಿರುತ್ತದೆ.